ವೀಣೆ ಕಲಿಯಲು ಯಾವ ಪುಸ್ತಕ? ಕೊಳ್ಳುವ ಮೊದಲು ಮೂರು ಪುಟ ತೆರೆದು ನೋಡಿ

ವಿಜಯದಶಮಿಗೆ ವೀಣೆ ಪಾಠ ಶುರು ಮಾಡಿದವರು ಮಾರನೇ ವಾರವೇ ಪುಸ್ತಕದಂಗಡಿಗೆ ಹೋಗುತ್ತಾರೆ. ಮೈಸೂರಿನಲ್ಲಾದರೆ ಸಯ್ಯಾಜಿರಾವ್ ರಸ್ತೆ, ಇಲ್ಲವೇ ದೇವರಾಜ ಅರಸು ರಸ್ತೆ. ಅಂಗಡಿಯವರು ‘ಸಂಗೀತ’ ಅಂತ ಬರೆದ ಕಪಾಟು ತೋರಿಸುತ್ತಾರೆ. ಅಲ್ಲಿರುವುದು ಬಹುಪಾಲು ಹಾಡುಗಾರಿಕೆ ಪುಸ್ತಕಗಳೇ. ‘ಎಲ್ಲಾ ಒಂದೇ ಮೇಡಂ, ಸ್ವರ ಒಂದೇ ಅಲ್ವಾ’ ಎನ್ನುವ ಮಾತೂ ಬರುತ್ತದೆ.

ಸ್ವರ ಒಂದೇ, ನಿಜ. ಆದರೆ ಕೈಗೆ ಅದು ಸಾಲದು. ಯಾವ ಬೆರಳು ಎಲ್ಲಿ ಕೂರಬೇಕು, ತಂತಿ ಯಾವಾಗ ಮೀಟಬೇಕು, ಯಾವಾಗ ಮೀಟಬಾರದು ಅನ್ನುವುದನ್ನು ಹೇಳುವ ಪುಸ್ತಕವೇ ವೀಣೆಯ ಪುಸ್ತಕ. ಸ್ವರ ಮಾತ್ರ ಕೊಟ್ಟು ಸುಮ್ಮನಾದ ಪುಸ್ತಕ, ಮೈಸೂರು ಪಾಕ್‌ಗೆ ಅಳತೆ ಬರೆದು ಪಾಕದ ಹದ ಬಿಟ್ಟ ಹಾಗೆ. ಹಾಗಾಗಿ ಹೆಸರು, ಮುಖಪುಟ ನೋಡಿ ಮೋಸ ಹೋಗುವ ಬದಲು ಒಳಗಿನ ಮೂರು ಪುಟ ತೆರೆಯಿರಿ.

ಮೊದಲು ಮನೆಗಳ ಚಿತ್ರ

ವೀಣೆಗೆ 24 ಮನೆ, ಅಂದರೆ ಸ್ವರಕ್ಕಾಗಿ ತಂತಿ ಒತ್ತುವ ಅಡ್ಡಪಟ್ಟಿಗಳು. ನುಡಿಸುವ ತಂತಿ 4, ಪಕ್ಕದಲ್ಲಿ ತಾಳದ ತಂತಿ 3. ಇವನ್ನೆಲ್ಲ ತೋರಿಸುವ ಚಿತ್ರ ಪುಸ್ತಕದ ಆರಂಭದಲ್ಲೇ ಇರಬೇಕು. ಸರಸ್ವತಿಯ ಬಣ್ಣದ ಚಿತ್ರ ಅಲ್ಲ, ಗೆರೆ ಎಳೆದು ಮನೆಗಳಿಗೆ ನಂಬರು ಹಾಕಿದ ಚಿತ್ರ.

ಸರಿ ಇದೆಯೋ ಇಲ್ಲವೋ ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಬಹುದು. ಆರಂಭದ ಸ್ವರಪಾಠಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿರುತ್ತವೆ. ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಷಡ್ಜ, ಅಂದರೆ ಸ. ಯಾಳಿಯ (ದಂಡಿಯ ತುದಿಯಲ್ಲಿ ಕೆತ್ತಿದ ಮೃಗಮುಖ) ಕಡೆಯಿಂದ ಎಣಿಸಿದರೆ ರಿ 1ನೇ ಮನೆ, ಗ 4, ಮ 5, ಪ 7, ದ 8, ನಿ 11, ಮೇಲಿನ ಸ 12. ಈ ಎಂಟು ಸ್ವರಗಳ ಜಾಗ ಚಿತ್ರದಲ್ಲಿ ಹೀಗೇ ಬಂದಿದ್ದರೆ ಬರೆದವರು ವೀಣೆ ಎದುರಿಗಿಟ್ಟುಕೊಂಡೇ ಬರೆದಿದ್ದಾರೆ ಅಂತ ಲೆಕ್ಕ. ಒಳ್ಳೆಯ ಪುಸ್ತಕ ಇನ್ನೂ ಒಂದು ಮಾತು ಸೇರಿಸುತ್ತದೆ: ಸ ಇಂದ ಮ ವರೆಗೆ ಇರುವ ಅಂತರವೇ ಪ ಇಂದ ಮೇಲಿನ ಸ ವರೆಗೂ ಇದೆ. ಒಂದು ಮನೆ, ಆಮೇಲೆ ಮೂರು, ಮತ್ತೆ ಒಂದು. ಎಡಗೈ ಅರ್ಧ ಕಲಿತರೆ ಉಳಿದರ್ಧವೂ ಬಂದಂತೆ. ಇದನ್ನು ಮೊದಲೇ ಹೇಳಿಕೊಟ್ಟರೆ ಮಕ್ಕಳಿಗೆ ಎಷ್ಟು ಸಲೀಸು!

ಶ್ರುತಿ ಮಾಡುವ ಕ್ರಮವೂ ಅಲ್ಲೇ ಇರಬೇಕು. ನಾಲ್ಕು ತಂತಿಗೆ ಸ, ಕೆಳಗಿನ ಪ, ಅದಕ್ಕೂ ಕೆಳಗಿನ ಸ, ಮತ್ತೂ ಕೆಳಗಿನ ಪ. ತಾಳದ ತಂತಿಗಳಿಗೆ ಸ, ಪ, ಮೇಲಿನ ಸ. ಇಷ್ಟೂ ಇಲ್ಲದ ಪುಸ್ತಕವನ್ನು ಕಪಾಟಿಗೇ ವಾಪಸ್ ಇಡಿ.

ಎರಡನೆಯದು ಸರಳೆ ವರಸೆ

ಸ್ವರಗಳನ್ನು ಸಾಲಾಗಿ ನುಡಿಸುವ ಮೊದಲ ಅಭ್ಯಾಸ ಇದು. ಇಲ್ಲಿ ಅಚ್ಚಿನ ಗುಣ ಗೊತ್ತಾಗುತ್ತದೆ. ಸ್ವರದ ಮೇಲೆ ಚುಕ್ಕೆ ಇದ್ದರೆ ತಾರಸ್ಥಾಯಿ (ಮೇಲಿನದು), ಕೆಳಗಿದ್ದರೆ ಮಂದ್ರ (ಕೆಳಗಿನದು). ಕನ್ನಡದಲ್ಲಿ ‘ರಿ’, ‘ನಿ’ ಅಕ್ಷರಗಳ ತಲೆ ಮೇಲೆ ಮೊದಲೇ ಗುಡಿಸು ಕೂತಿರುವುದರಿಂದ ಚುಕ್ಕೆಗೆ ಜಾಗ ಕಮ್ಮಿ. ಅವಸರದಲ್ಲಿ ಡಿಟಿಪಿ ಮಾಡಿದ ಪುಸ್ತಕಗಳಲ್ಲಿ ಅದು ಮಾಯವಾಗುತ್ತದೆ. ಹಾಡುವವರಿಗೆ ಕಿವಿಯೇ ದಾರಿ ತೋರಿಸುತ್ತದೆ. ಆದರೆ ವೀಣೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ಕೈ ಹನ್ನೆರಡು ಮನೆ ಆಚೆ ಹೋಗುತ್ತದೆ.

ಆಮೇಲೆ ತಾಳದ ಗೆರೆ ನೋಡಿ. ಆದಿತಾಳದಲ್ಲಿ ನಾಲ್ಕು ಅಕ್ಷರ ಆದ ಮೇಲೆ ಒಂದು ಗೆರೆ, ಎರಡಾದ ಮೇಲೆ ಒಂದು, ಮತ್ತೆರಡಾದ ಮೇಲೆ ಜೋಡಿ ಗೆರೆ. ಎರಡನೇ ಕಾಲ, ಅಂದರೆ ಇಮ್ಮಡಿ ವೇಗ, ತೋರಿಸಲು ಸ್ವರಗಳ ಮೇಲೋ ಕೆಳಗೋ ಗೆರೆ ಎಳೆದಿರುತ್ತಾರೆ. ಯಾವ ಗುರುತಿಗೆ ಏನರ್ಥ ಅಂತ ಒಂದು ಪುಟದಲ್ಲಿ ವಿವರಿಸಿದ್ದರೆ ಚೆನ್ನ.

ವೀಣೆಗೇ ಬರೆದದ್ದಾದರೆ ಸ್ವರದ ಜೊತೆ ಬೆರಳಿನ ಗುರುತೂ ಇರುತ್ತದೆ. ಎಡಗೈಯಲ್ಲಿ ತೋರುಬೆರಳೋ ನಡುಬೆರಳೋ, ಬಲಗೈಯಲ್ಲಿ ಮೀಟು ಯಾವ ಬೆರಳಿನದು ಅನ್ನುವುದು. ಕಿರುಬೆರಳಿಂದ ತಾಳದ ತಂತಿ ಮೀಟುವ ಜಾಗವನ್ನೂ ಗುರುತು ಹಾಕಿರಬೇಕು. ಬಹಳ ಪುಸ್ತಕಗಳು ತಾಳದ ತಂತಿಯನ್ನು ಮರೆತೇಬಿಡುತ್ತವೆ. ಕಲಿಯುವವರೂ ಹಾಗೇ ಬಿಟ್ಟು ಅಭ್ಯಾಸ ಮಾಡಿ, ಆಮೇಲೆ ಕಿರುಬೆರಳು ಏಳುವುದೇ ಇಲ್ಲ ಅಂತ ಒದ್ದಾಡುತ್ತಾರೆ.

ಮೂರನೆಯದು ಗೀತೆ

ನನ್ನ ಪ್ರಕಾರ ಇದೇ ಮುಖ್ಯ. ಪುರಂದರದಾಸರ ಪಿಳ್ಳಾರಿ ಗೀತೆ (ಹೊಸಬರಿಗೆ ಮೊದಲು ಕಲಿಸುವ ಸರಳ ಹಾಡು) ‘ಶ್ರೀ ಗಣನಾಥ’ ಇರುವ ಪುಟ ತೆಗೆಯಿರಿ. ಮಲಹರಿ ರಾಗ, ರೂಪಕ ತಾಳ. ಸ್ವರ ಹೀಗೆ ಶುರುವಾಗುತ್ತದೆ: ಮ ಪ, ದ ಸ ಸ ರಿ. ಇಲ್ಲಿ ಎರಡು ಸ ಮತ್ತು ರಿ ಮೇಲಿನ ಸ್ಥಾಯಿಯವು. ಮೂರಕ್ಕೂ ಚುಕ್ಕೆ ಇದೆಯಾ ನೋಡಿ.

ಇನ್ನು ಸಾಹಿತ್ಯ. ‘ಶ್ರೀ’ ಅನ್ನುವ ಒಂದೇ ಅಕ್ಷರ ಮ, ಪ ಎರಡೂ ಸ್ವರದ ಮೇಲೆ ನಿಲ್ಲುತ್ತದೆ. ಆಮೇಲೆ ಗ, ಣ, ನಾ, ಥ ಒಂದೊಂದಕ್ಕೆ ಒಂದೊಂದು ಸ್ವರ. ಮೊದಮೊದಲು ಸ್ವರಕ್ಕೊಂದು ಮೀಟು ಹಾಕಿ ಕಲಿಸುತ್ತಾರೆ. ಕೈ ಕೂತ ಮೇಲೆ ಸಾಹಿತ್ಯದ ಅಕ್ಷರಕ್ಕೊಂದು ಮೀಟು. ಅಂದರೆ ‘ಶ್ರೀ’ಗೆ ಮಧ್ಯಮದಲ್ಲಿ ಒಮ್ಮೆ ಮೀಟಿ, ಪಂಚಮಕ್ಕೆ ಎಡಗೈ ಮಾತ್ರ ಸರಿಯಬೇಕು. ವೀಣೆ ಹಾಡಿದಂತೆ ಕೇಳಿಸುವುದರ ಗುಟ್ಟು ಇದರಲ್ಲೇ ಇದೆ. ಹೀಗಾಗಿ ಸ್ವರದ ಸಾಲಿನ ಕೆಳಗೆ ಸಾಹಿತ್ಯದ ಸಾಲು ಅಕ್ಷರಕ್ಕೆ ಅಕ್ಷರ ನೇರವಾಗಿ ಬಂದಿರಬೇಕು. ಸಾಹಿತ್ಯವನ್ನು ಪುಟದ ಕೊನೆಗೆ ಪದ್ಯದ ಹಾಗೆ ಒಟ್ಟಿಗೆ ಹಾಕಿದ್ದರೆ ಆ ಪುಸ್ತಕ ಓದಲಿಕ್ಕೆ ಸರಿ, ನುಡಿಸಲಿಕ್ಕಲ್ಲ.

ಗಮಕದ, ಅಂದರೆ ಸ್ವರವನ್ನು ತೂಗಿ ಜಾರಿಸಿ ನುಡಿಸುವುದರ, ಗುರುತುಗಳ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಗೀತೆಗಳಿಗೆ ಅದರ ಅಗತ್ಯ ಅಷ್ಟಿಲ್ಲ. ಗೀತೆಗಳ ನಂತರ ಕಲಿಯುವ ವರ್ಣಕ್ಕೆ ಬಂದಾಗ ಬೇಕಾಗುತ್ತದೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ತೆಲುಗಿನಲ್ಲಿ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಬೇರೆ ಬೇರೆ ಗುರುತು ಕೊಟ್ಟು ಅಚ್ಚು ಹಾಕಿಸಿದ್ದಾರೆ. ದೊಡ್ಡವರು ಇವತ್ತಿಗೂ ತೆಗೆದು ನೋಡುವ ಗ್ರಂಥ ಅದು. ಹೊಸಬರು ಅದನ್ನು ಕೊಂಡು ಕಪಾಟಿನಲ್ಲಿಟ್ಟು ಹೆದರಿಕೊಳ್ಳುವುದು ಬೇಡ.

ಮೇಷ್ಟರ ಬಾನಿ ಯಾವುದು?

ಪುಸ್ತಕಕ್ಕೆ ದುಡ್ಡು ಕೊಡುವ ಮೊದಲು ಒಂದು ಪುಟದ ಫೋಟೋ ತೆಗೆದು ನಿಮ್ಮ ಗುರುಗಳಿಗೆ ವಾಟ್ಸಾಪ್ ಮಾಡಿ. ಕಾರಣ ಇದೆ. ಮೈಸೂರಿಗೆ ತನ್ನದೇ ವೀಣೆಯ ಬಾನಿ, ಅಂದರೆ ನುಡಿಸುವ ಶೈಲಿ, ಇದೆ. ಅರಮನೆಯ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ, ಮುಂದೆ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997) ಬೆಳೆಸಿದ್ದು. ತಂಜಾವೂರಿನವರ ಬೆರಳಿಡುವ ರೀತಿ, ಮೀಟು ಬೇರೆ. ಆ ಕಡೆಯ ಪುಸ್ತಕದಲ್ಲಿ ಒಂದು ಬೆರಳು, ಪಾಠದಲ್ಲಿ ಇನ್ನೊಂದು ಅಂತಾದರೆ ಕಲಿಯುವವರಿಗೆ ತಲೆಕೆಡುತ್ತದೆ. ಎರಡಕ್ಕೂ ಜಗಳ ಬಂದಾಗ ಗುರುಗಳ ಮಾತೇ ಕೊನೆ. ಅವರ ಕಣ್ಣೆದುರಿಗೆ ನಿಮ್ಮ ಕೈ ಇದೆ, ಪುಸ್ತಕ ಬರೆದವರಿಗೆ ಇಲ್ಲ.

ಗುರುಗಳೇ ಇಲ್ಲದೆ ಬರೀ ಪುಸ್ತಕದಿಂದ ಕಲಿಯಬಹುದೇ? ಕೂರುವ ಭಂಗಿ, ತಂತಿ ಒತ್ತುವ ಬಲ ಇವು ಕಾಗದದಿಂದ ಬರುವುದಿಲ್ಲ. ಮಂಡ್ಯದಲ್ಲಿರುವವರು ವಾರಕ್ಕೊಮ್ಮೆ ರೈಲು ಹತ್ತಿ ಮೈಸೂರಿಗೆ ಬಂದು ಪಾಠ ಹೇಳಿಸಿಕೊಂಡರೂ ಸಾಕು, ಉಳಿದ ದಿನಕ್ಕೆ ಪುಸ್ತಕ ಜೊತೆಗಿರುತ್ತದೆ. ಕ್ಯೂಆರ್ ಕೋಡ್ ಇರುವ ಹೊಸ ಪುಸ್ತಕಗಳಲ್ಲಿ ಕೊಳ್ಳುವ ಮುಂಚೆಯೇ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿ. ವಿಡಿಯೋ ತೆರೆಯದಿದ್ದರೆ ಆ ಚೌಕಕ್ಕೆ ದುಡ್ಡು ಕೊಟ್ಟದ್ದು ದಂಡ.

ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವವರ ಲೆಕ್ಕ ಬೇರೆ. ಅವರು ಮೊದಲು ಸಿಲಬಸ್ ತರಿಸಿಕೊಳ್ಳಲಿ, ಆಮೇಲೆ ಪುಸ್ತಕ. ಪ್ರಶ್ನೋತ್ತರದ ಗೈಡು ಲಕ್ಷಣ (ಶಾಸ್ತ್ರ) ಭಾಗ ಬಾಯಿಪಾಠ ಮಾಡಲು ಆಗುತ್ತದೆ, ಕೈ ಕಲಿಸುವುದಿಲ್ಲ.

ಗೊಂದಲ ಜಾಸ್ತಿಯಾದರೆ ಸೀನಿಯರ್ ವಿದ್ಯಾರ್ಥಿಗಳನ್ನು ಕೇಳಿ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಇರುವುದು ಮೈಸೂರಿನಲ್ಲೇ. ಅಲ್ಲಿ ಓದುವವರ ಚೀಲದಲ್ಲಿ ಸವೆದ ಪುಸ್ತಕ ಯಾವುದೋ ಅದನ್ನು ಬರೆದುಕೊಳ್ಳಿ.

ಕೊನೆಗೆ ಬೈಂಡಿಂಗ್. ನೆಲದ ಮೇಲೆ ಕೂತು ನುಡಿಸುವಾಗ ಎರಡೂ ಕೈ ವೀಣೆ ಮೇಲಿರುತ್ತದೆ. ಪುಸ್ತಕ ತನ್ನಷ್ಟಕ್ಕೆ ತೆರೆದುಕೊಂಡು ಬಿದ್ದಿರಬೇಕು. ಅಂಟು ಹಾಕಿದ ದಪ್ಪ ಪುಸ್ತಕ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ಜೆರಾಕ್ಸ್ ಅಂಗಡಿಯಲ್ಲಿ ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿಸಿ. ಅಕ್ಷರ ದೊಡ್ಡದಿರಲಿ, ಒಂದು ಮೊಳಕ್ಕಿಂತ ಆಚೆಯಿಂದ ಓದಬೇಕಲ್ಲ. ಬೆರಳಿನ ಗುರುತುಗಳನ್ನು ಪೆನ್ನಲ್ಲಿ ಬರೆಯಬೇಡಿ, ಪೆನ್ಸಿಲ್ ಸಾಕು. ಮುಂದಿನ ಪಾಠಕ್ಕೆ ಗುರುಗಳು ಬದಲಾಯಿಸುತ್ತಾರೆ.