ಬರೆದವರ ಹೆಸರು ಹೊರಬೀಳದ ಕಥಾಸ್ಪರ್ಧೆ ನಡೆಸುವುದು ಹೇಗೆ?

ಕಲಬುರಗಿಯಲ್ಲಿ ಕಥೆ ಬರೆಯುವವರಿಗೆ ಬರ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಇದ್ದಾರೆ, ಶಾಲೆಯ ಸ್ಟಾಫ್‌ರೂಮಿನಲ್ಲಿ ಇದ್ದಾರೆ, ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಲೂ ಇದ್ದಾರೆ. ಆದರೆ ಮದುವೆಯೊಳಗಿನ ಬೇಸರ, ಮೈಯ ಆಸೆ, ನಲವತ್ತೈದರಲ್ಲಿ ಹುಟ್ಟಿದ ಪ್ರೀತಿ, ಇಂಥದ್ದನ್ನು ಬರೆದವರು ಮಾತ್ರ ಮೊಬೈಲಿನಲ್ಲೇ ಮುಚ್ಚಿಟ್ಟುಕೊಂಡು ಕೂತಿರುತ್ತಾರೆ. ಸೂಪರ್ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಜನ ಪರಿಚಯದವರು ಸಿಗುವ ಊರು ಇದು. ‘ಮೇಡಂ, ನಿಮ್ಮ ಕಥಿ ಓದೀನ್ರಿ’ ಅಂತ ವಿದ್ಯಾರ್ಥಿಯ ಅಪ್ಪ ಎದುರು ನಿಂತು ನಕ್ಕರೆ ಹೇಗಿರುತ್ತೆ ಹೇಳಿ.

ಹಾಗಾಗಿ ಹವ್ಯಾಸಿಗಳಿಗಾಗಿ ಆನ್‌ಲೈನಿನಲ್ಲಿ ವಯಸ್ಕರ ಕಥಾಸ್ಪರ್ಧೆ ನಡೆಸಬೇಕೆಂದಿದ್ದರೆ, ಬಹುಮಾನ ಎಷ್ಟು ಅನ್ನುವುದಕ್ಕಿಂತ ಮೊದಲು ಒಂದು ತೀರ್ಮಾನ ಆಗಬೇಕು. ಬರೆದವರ ನಿಜವಾದ ಹೆಸರು ಎಷ್ಟು ಜನರಿಗೆ ಗೊತ್ತಿರಬೇಕು? ನನ್ನ ಲೆಕ್ಕದಲ್ಲಿ ಒಬ್ಬರಿಗೆ. ಅಧ್ಯಕ್ಷರಿಗೂ ಬೇಡ, ತೀರ್ಪುಗಾರರಿಗೂ ಬೇಡ. ಆ ಒಬ್ಬರನ್ನು ‘ಹೆಸರು ಕಾಯುವವರು’ ಅಂತ ಕರೆಯೋಣ. ತಂಡದಲ್ಲಿ ಮಾತು ಕಡಿಮೆ ಆಡುವವರನ್ನೇ ಈ ಕೆಲಸಕ್ಕೆ ಹಾಕಿ. ಅವರು ಸ್ಪರ್ಧೆಗೆ ಬರೆಯಬಾರದು, ಕಥೆ ಆರಿಸುವುದರಲ್ಲೂ ಕೈ ಹಾಕಬಾರದು.

ಮೊದಲು ಗೆರೆ ಎಳೆಯಿರಿ

‘ವಯಸ್ಕರ ಕಥೆ’ ಅಂದ ಕೂಡಲೇ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಅರ್ಥ ಏನು ಅಂತ ನಾಲ್ಕು ಸಾಲಿನಲ್ಲಿ ಬರೆದು ಪ್ರಕಟಣೆಯ ಮೇಲ್ಭಾಗದಲ್ಲೇ ಹಾಕಿ. ಉದಾಹರಣೆಗೆ: ಬರೆಯುವವರಿಗೆ 18 ತುಂಬಿರಬೇಕು. ಓದುಗರೂ 18 ದಾಟಿದವರು. ಪ್ರೀತಿ, ಕಾಮ, ದಾಂಪತ್ಯ, ಹಿಂಸೆ, ಯಾವುದನ್ನಾದರೂ ಬರೆಯಬಹುದು, ಆದರೆ ಕಥೆ ಇರಬೇಕು. ಬರೀ ಮಂಚದ ವರ್ಣನೆ ಆದರೆ ತೆಗೆದುಕೊಳ್ಳುವುದಿಲ್ಲ.

ಇದು ಮಡಿವಂತಿಕೆಯ ಮಾತಲ್ಲ, ಕಾನೂನಿನ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 67ರ ಪ್ರಕಾರ ಅಶ್ಲೀಲವಾದದ್ದನ್ನು ಆನ್‌ಲೈನಿನಲ್ಲಿ ಪ್ರಕಟಿಸಿದರೆ, ಮೊದಲ ಸಲವೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಲೈಂಗಿಕ ಕ್ರಿಯೆಯನ್ನೇ ಬಿಡಿಸಿ ತೋರಿಸುವಂಥದ್ದಾದರೆ ಸೆಕ್ಷನ್ 67ಎ, ಅದರಲ್ಲಿ 5 ವರ್ಷ, 10 ಲಕ್ಷ. ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಪ್ರಕಟಿಸಿದ್ದಕ್ಕೆ ವಿನಾಯಿತಿ ಇದೆ. ಆದರೆ ಅದು ಸಾಹಿತ್ಯ ಹೌದು ಅಂತ ಸಾಬೀತು ಮಾಡಬೇಕಾದವರು ನೀವು, ಅದೂ ಕೋರ್ಟಿನಲ್ಲಿ. ಅಶ್ಲೀಲ ಯಾವುದು ಅನ್ನುವುದನ್ನು ಇಡೀ ಸಂದರ್ಭ ನೋಡಿ, ಇಂದಿನ ಸಮಾಜದ ಅಳತೆಯಲ್ಲಿ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನೆಮ್ಮದಿಯ ಮಾತೇ. ಆದರೂ ಹವ್ಯಾಸಕ್ಕೆ ಸ್ಪರ್ಧೆ ನಡೆಸುವವರು ಕೋರ್ಟಿನ ಮೆಟ್ಟಿಲು ಹತ್ತಿ ಗೆಲ್ಲುವುದಕ್ಕಿಂತ ಹತ್ತದೇ ಇರುವುದು ಒಳ್ಳೆಯದು, ಅಲ್ವಾ? ಗೊತ್ತಿರುವ ಒಬ್ಬ ವಕೀಲರಿಗೆ ನಿಯಮಗಳನ್ನೂ, ಕೊನೆಗೆ ಗೆದ್ದ ಕಥೆಗಳನ್ನೂ ತೋರಿಸಿಬಿಡಿ.

ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಲೈಂಗಿಕ ಸಂದರ್ಭದಲ್ಲಿ 18 ತುಂಬದ ಪಾತ್ರ ಇರಲೇಕೂಡದು. ಸೆಕ್ಷನ್ 67ಬಿ ಇರುವುದೇ ಮಕ್ಕಳ ವಿಷಯಕ್ಕೆ, ಅದರಲ್ಲಿ ಚಿತ್ರದ ಜೊತೆ ಬರಹವೂ ಸೇರಿದೆ. ‘ನೆನಪಿನ ದೃಶ್ಯ’ ಅನ್ನುವ ಸಬೂಬು ಕೂಡ ಬೇಡ. ಇನ್ನೊಂದು, ಇರುವ ವ್ಯಕ್ತಿಯನ್ನು ಹೆಸರು ಬದಲಿಸಿ ಕಥೆಯೊಳಗೆ ಎಳೆದು ತರುವುದು. ‘ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಮೂರನೇ ಮನೆಯ ಕಂಪೌಂಡರ್’ ಅಂತ ಬರೆದರೆ ಹೆಸರು ಯಾಕೆ ಬೇಕು? ಊರಿಗೆಲ್ಲ ಗೊತ್ತಾಗಿಯೇ ಹೋಗುತ್ತೆ. ಮಾನನಷ್ಟದ ಕೇಸು ಆಮೇಲಿನ ಮಾತು, ಓಣಿಯಲ್ಲಿ ಆಗುವ ಜಗಳ ಮೊದಲು.

ಯಾವಾಗ ಕರೆಯಬೇಕು

ಡಿಸೆಂಬರ್, ಜನವರಿ ಬಿಟ್ಟುಬಿಡಿ. ತೊಗರಿ ರಾಶಿಯ ಕಾಲ, ಹೊಲ ಇದ್ದವರು ಯಾರೂ ಕೈಗೆ ಸಿಗುವುದಿಲ್ಲ. ಮಾರ್ಚ್ ಅಂದರೆ ಪರೀಕ್ಷೆ, ಮೇಷ್ಟ್ರುಗಳಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ನನಗೆ ಸರಿ ಕಾಣುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಶಾಲೆಗಳಿಗೆ ರಜೆ ಬಿದ್ದಿರುತ್ತೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಮೇಲೆ ಆ ಬಿಸಿಲಿನಲ್ಲಿ ಹೊರಗೆ ಕಾಲಿಡುವವರು ಯಾರು? ಕೂಲರ್ ಮುಂದೆ ಕೂತು ಬರೆಯಲಿ.

ಕೊನೆಯ ದಿನ ಭಾನುವಾರ ಇರಲಿ. ಹೆಚ್ಚಿನ ಕಥೆಗಳು ಬರುವುದು ಕೊನೆಯ ಎರಡು ದಿನದಲ್ಲೇ. ಕರೆಂಟ್ ಹೋಯಿತು, ನೆಟ್‌ವರ್ಕ್ ಸಿಗಲಿಲ್ಲ ಅನ್ನುವವರಿಗೆ ಇನ್ನೊಂದು ದಿನ ಅವಕಾಶ ಕೊಡಿ. ಆದರೆ ಅದನ್ನು ಮೊದಲೇ ಹೇಳಬೇಡಿ.

ಕಥೆ ಪಡೆಯುವ ಬಗೆ

ಹೆಸರು ಸೋರುವುದು ಇಲ್ಲೇ, ಅದೂ ಯಾರಿಗೂ ಗೊತ್ತಾಗದ ಹಾಗೆ. ಆದ್ದರಿಂದ ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಸ್ಪರ್ಧೆ ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ವಾಟ್ಸ್ಆಪ್ ಗ್ರೂಪ್. ಬೇಡ. ಗ್ರೂಪಿಗೆ ಸೇರಿದ ಕೂಡಲೇ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ವಾಟ್ಸ್ಆಪ್ ಚಾನೆಲ್ ಮಾಡಿ. ಅಲ್ಲಿ ಹಿಂಬಾಲಿಸುವವರ ನಂಬರ್ ಇನ್ನೊಬ್ಬ ಹಿಂಬಾಲಕರಿಗೆ ಕಾಣುವುದಿಲ್ಲ. ಪ್ರಕಟಣೆ, ನಿಯಮ, ಫಲಿತಾಂಶ ಎಲ್ಲವನ್ನೂ ಅಲ್ಲೇ ಹಾಕಬಹುದು.

ಕಥೆ ಪಡೆಯಲು ಗೂಗಲ್ ಫಾರ್ಮ್ ಸಾಕು. ಆದರೆ ಫೈಲ್ ಅಪ್‌ಲೋಡ್ ಮಾಡುವ ಪ್ರಶ್ನೆ ಇಡಬೇಡಿ. ಅದನ್ನಿಟ್ಟರೆ ಕಳಿಸುವವರು ತಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಆಮೇಲೆ ನಿಮ್ಮ ಡ್ರೈವಿನಲ್ಲಿ ಆ ಫೈಲಿನ ಹೆಸರಿನ ಪಕ್ಕದಲ್ಲೇ ಅವರ ಖಾತೆಯ ಹೆಸರೂ ಅಂಟಿಕೊಂಡು ಕೂರುತ್ತೆ. ಕಾವ್ಯನಾಮ ‘ಬೆಳದಿಂಗಳು’, ಫೈಲಿನ ಮೇಲೆ ಪೂರ್ತಿ ಹೆಸರು, ಮನೆತನದ ಹೆಸರು ಸಮೇತ! ವರ್ಡ್ ಫೈಲ್ ತರಿಸಿಕೊಂಡರೂ ಇದೇ ಕಥೆ. ಅದರ ಪ್ರಾಪರ್ಟೀಸ್ ತೆರೆದರೆ ಆಥರ್ ಅನ್ನುವ ಜಾಗದಲ್ಲಿ ಕಂಪ್ಯೂಟರ್ ಯಾರದ್ದೋ ಅವರ ಹೆಸರು ಇರುತ್ತೆ.

ಅದಕ್ಕೇ ಫಾರ್ಮಿನಲ್ಲಿ ಉದ್ದ ಉತ್ತರದ ಒಂದು ಪೆಟ್ಟಿಗೆ ಇಟ್ಟು, ಕಥೆಯನ್ನು ಅಲ್ಲೇ ಪೇಸ್ಟ್ ಮಾಡಲು ಹೇಳಿ. ಉತ್ತರಗಳು ಹೋಗಿ ಸೇರುವ ಗೂಗಲ್ ಶೀಟಿನ ಒಂದು ಕೋಣೆಯಲ್ಲಿ 50,000 ಅಕ್ಷರ ಹಿಡಿಯುತ್ತೆ. ಎರಡು ಸಾವಿರ ಪದಗಳ ಕಥೆ ಆರಾಮಾಗಿ ಕೂರುತ್ತೆ. ಇಮೇಲ್ ತಾನಾಗಿ ದಾಖಲಾಗುವ ಆಯ್ಕೆಯನ್ನು ಆಫ್ ಮಾಡಿ, ಬರೆಯುವವರೇ ಒಂದು ಇಮೇಲ್ ಕೊಡಲಿ. ಕಾವ್ಯನಾಮದಲ್ಲಿ ಹೊಸ ಇಮೇಲ್ ಮಾಡಿಕೊಂಡರೂ ನಡೆಯುತ್ತೆ ಅಂತ ನೀವೇ ಹೇಳಿ. ಫಾರ್ಮಿನಲ್ಲಿ ಕೇಳಬೇಕಾದದ್ದು ಇಷ್ಟೇ: ಕಾವ್ಯನಾಮ, ಇಮೇಲ್, 18 ತುಂಬಿದೆ ಅನ್ನುವ ಒಪ್ಪಿಗೆ, ಇದು ನನ್ನದೇ ಕಥೆ ಅನ್ನುವ ಒಪ್ಪಿಗೆ, ಕಥೆ. ವಿಳಾಸ ಯಾಕೆ? ಆಧಾರ್ ಪ್ರತಿಯಂತೂ ಬೇಡವೇ ಬೇಡ. ಕೇಳಿ ಇಟ್ಟುಕೊಂಡ ಪ್ರತಿ ಮಾಹಿತಿಯನ್ನೂ ಕಾಯುವ ಹೊಣೆ ನಿಮ್ಮ ತಲೆ ಮೇಲೆ ಬರುತ್ತೆ.

ಪ್ರವೇಶ ಶುಲ್ಕವೂ ಬೇಡ. ಐವತ್ತು ರೂಪಾಯಿ ಫೋನ್‌ಪೇ ಮಾಡಿಸಿಕೊಂಡರೆ ಬ್ಯಾಂಕಿನಲ್ಲಿರುವ ಹೆಸರು ನಿಮ್ಮ ಫೋನಿನಲ್ಲಿ ಮೂಡುತ್ತೆ.

ಇನ್ನು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಗೋಳು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫಾರ್ಮಿಗೆ ಪೇಸ್ಟ್ ಮಾಡಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತೆ. ಯೂನಿಕೋಡ್ ಮಾತ್ರ ಅಂತ ಬರೆಯಿರಿ, ಪರಿವರ್ತಿಸುವ ತಂತ್ರಾಂಶ ಆನ್‌ಲೈನಿನಲ್ಲೇ ಸಿಗುತ್ತೆ ಅಂತಲೂ ತಿಳಿಸಿ. ಟೈಪಿಂಗ್ ಬಾರದವರು ಡಿಟಿಪಿ ಅಂಗಡಿಗೆ ಹೋಗುವ ಪೈಕಿ. ಇಂಥ ಕಥೆಯನ್ನು ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಗುಟ್ಟು ಎಲ್ಲಿ ಉಳಿಯಿತು? ಮೊಬೈಲಿನ ಜಿಬೋರ್ಡಿನಲ್ಲಿ ಕನ್ನಡ ಹಾಕಿಕೊಂಡು ಮೈಕ್ ಒತ್ತಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತೆ. ಅಕ್ಷರ ಅಷ್ಟಿಷ್ಟು ತಪ್ಪುತ್ತೆ, ತಿದ್ದಿಕೊಳ್ಳಬೇಕು. ಮನೆಯಲ್ಲಿ ಅತ್ತೆ, ಮಕ್ಕಳು ಇಲ್ಲದ ಹೊತ್ತು ನೋಡಿ ಮಾತಾಡಿ ಅನ್ನುವ ಸಲಹೆ ನನ್ನದು!

ಓದುವುದು, ಆರಿಸುವುದು

ಫಾರ್ಮ್ ಮುಚ್ಚಿದ ಮೇಲೆ ಹೆಸರು ಕಾಯುವವರು ಒಂದೊಂದು ಕಥೆಯನ್ನೂ ಹೊಸ ಡಾಕ್ಯುಮೆಂಟಿಗೆ ನಕಲು ಮಾಡಿ, ಕ-01, ಕ-02 ಅಂತ ಸಂಖ್ಯೆ ಹಾಕಬೇಕು. ಕಾವ್ಯನಾಮ ಕೂಡ ತೆಗೆಯಬೇಕು. ಸಂಖ್ಯೆಯನ್ನು ಬಂದ ಕ್ರಮದಲ್ಲಿ ಕೊಡಬೇಡಿ, ಕಲೆಸಿ ಕೊಡಿ. ‘ನಾನೇ ಮೊದಲು ಕಳಿಸಿದೆ’ ಅಂತ ಗೆಳೆಯರ ಹತ್ತಿರ ಹೇಳಿಕೊಂಡವರು ಇದ್ದೇ ಇರುತ್ತಾರೆ.

ಅರವತ್ತು ಕಥೆ ಬಂದಿವೆ, ಓದಲು ಆರು ಜನ ಇದ್ದಾರೆ ಅಂದುಕೊಳ್ಳಿ. ಪ್ರತಿ ಕಥೆಯನ್ನೂ ಇಬ್ಬರು ಓದಬೇಕೆಂದರೆ ಒಬ್ಬರಿಗೆ ಇಪ್ಪತ್ತು ಕಥೆ. ಒಂದಕ್ಕೆ ಕಾಲು ಗಂಟೆ ಅಂದರೂ ಒಟ್ಟು ಐದು ಗಂಟೆಯ ಓದು. ಎರಡು ವಾರ ಕೊಟ್ಟರೆ ಧಾರಾಳ. ಅಂಕ ಕೊಡಿಸಬೇಡಿ. ಒಬ್ಬರು ನೂರಕ್ಕೆ ಎಂಬತ್ತರ ಕೆಳಗೆ ಇಳಿಯುವುದಿಲ್ಲ, ಇನ್ನೊಬ್ಬರ ಕೈಯಿಂದ ಐವತ್ತು ಉದುರುವುದೇ ಕಷ್ಟ. ಧಾರಾಳಿಯ ಪಾಲಿಗೆ ಬಿದ್ದ ಕಥೆ ಸುಮ್ನೆ ಗೆದ್ದುಬಿಡುತ್ತೆ. ಅದರ ಬದಲು ಇಪ್ಪತ್ತನ್ನು ಮೂರು ಗುಂಪು ಮಾಡಲು ಹೇಳಿ: ಇರಲೇಬೇಕು, ಇರಬಹುದು, ಬೇಡ. ‘ಇರಲೇಬೇಕು’ ಗುಂಪಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ. ಇಬ್ಬರಲ್ಲಿ ಒಬ್ಬರು ‘ಇರಲೇಬೇಕು’, ಇನ್ನೊಬ್ಬರು ‘ಬೇಡ’ ಅಂದ ಕಥೆಯನ್ನು ಮೂರನೆಯವರಿಗೆ ಕೊಡಿ. ಗಮನಿಸಿ ನೋಡಿ, ಒಳ್ಳೆಯ ಕಥೆ ಎಷ್ಟೋ ಸಲ ಇಂಥ ಜಗಳದಲ್ಲೇ ಸಿಗುತ್ತೆ.

ಕೊನೆಯ ಸುತ್ತಿಗೆ ಉಳಿದ ಹತ್ತು ಕಥೆಯನ್ನು ಮೂವರು ತೀರ್ಪುಗಾರರು ಓದಿ ಒಂದರಿಂದ ಹತ್ತರವರೆಗೆ ಕ್ರಮ ಹಾಕಲಿ. ಮೂವರಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಹೆಣ್ಣಿನ ಮೈ ಬಗ್ಗೆ ಗಂಡಸರು ಬರೆದದ್ದನ್ನು ಬರೀ ಗಂಡಸರೇ ಕೂತು ಮೆಚ್ಚಿದರೆ ಏನು ಬಂತು? ಜೊತೆಗೆ ಕನಿಷ್ಠ ಒಬ್ಬರಾದರೂ ಈ ಭಾಗದವರು ಇರಲಿ. ‘ಅಂವ ಬರ್ಲಕತ್ತಾನ’ ಅಂತ ಪಾತ್ರ ಮಾತಾಡಿದ್ದನ್ನು ವ್ಯಾಕರಣ ತಪ್ಪು ಅಂತ ಗೀಟು ಹಾಕುವವರು ನಮಗೆ ಬೇಡ. ಉರ್ದು, ಮರಾಠಿ, ತೆಲುಗು ಬೆರೆತ ಮಾತು ಇಲ್ಲಿನ ಮನೆಮನೆಯ ಮಾತು. ಕಥೆಯ ವಿಷಯ ಎಂಥದ್ದು ಅಂತ ತೀರ್ಪುಗಾರರಿಗೆ ಮೊದಲೇ ಬಿಡಿಸಿ ಹೇಳಿ, ಮುಜುಗರ ಇದ್ದರೆ ಹಿಂದೆ ಸರಿಯಲು ದಾರಿ ಕೊಡಿ. ಬರೆದವರು ಯಾರು ಅನ್ನುವ ಅನುಮಾನ ಬಂದರೂ ಆ ಕಥೆಯನ್ನು ವಾಪಸ್ ಕೊಡಬೇಕು ಅನ್ನುವ ನಿಯಮ ಇರಲಿ.

ಲೈಕ್ ಎಣಿಸಿ ಬಹುಮಾನ ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ದೊಡ್ಡ ಬಳಗ ಇದ್ದವರು ಗೆಲ್ಲುತ್ತಾರೆ, ಕಾವ್ಯನಾಮದಲ್ಲಿ ಬರೆದವರಿಗೆ ಬಳಗವನ್ನು ಕರೆಯುವ ದಾರಿಯೇ ಇರುವುದಿಲ್ಲ.

ಕದ್ದ ಕಥೆ, ಯಂತ್ರದ ಕಥೆ

ಕೊನೆಯ ಹತ್ತು ಕಥೆಗಳಿಂದ ಎರಡು ಮೂರು ವಿಶಿಷ್ಟ ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಆನ್‌ಲೈನಿನಿಂದ ಎತ್ತಿದ್ದಾದರೆ ಬಹುತೇಕ ಸಿಕ್ಕಿಬೀಳುತ್ತೆ. ಹಳೆಯ ಪತ್ರಿಕೆಯಿಂದ ಎತ್ತಿದ್ದು ಸಿಗುವುದಿಲ್ಲ, ಅದಕ್ಕೆ ಜಾಸ್ತಿ ಓದಿದ ತೀರ್ಪುಗಾರರೇ ಗತಿ. ಎಐ ಬರೆದದ್ದೋ ಅಂತ ಹೇಳುವ ಉಪಕರಣಗಳನ್ನು, ಅದರಲ್ಲೂ ಕನ್ನಡಕ್ಕೆ, ನಾನು ನಂಬುವುದಿಲ್ಲ. ಹೆಸರು ಕಾಯುವವರು ಗೆದ್ದವರ ನಂಬರನ್ನು ಇಮೇಲಿನಲ್ಲಿ ಕೇಳಿ ಪಡೆದು, ಫೋನ್ ಮಾಡಿ ಹತ್ತು ನಿಮಿಷ ಕಥೆಯ ಬಗ್ಗೆ ಮಾತಾಡಲಿ. ಈ ಪಾತ್ರ ಎಲ್ಲಿಂದ ಬಂತು, ಮೊದಲ ಕರಡಿನಲ್ಲಿ ಏನಿತ್ತು, ಕೊನೆ ಯಾಕೆ ಹೀಗೆ. ತಾವೇ ಬರೆದವರಿಗೆ ಮಾತು ನಿಲ್ಲುವುದೇ ಇಲ್ಲ. ವಯಸ್ಸನ್ನೂ ಆಗಲೇ ವಿಡಿಯೊ ಕಾಲಿನಲ್ಲಿ ಗುರುತಿನ ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಸ್ಕ್ರೀನ್‌ಶಾಟ್ ತೆಗೆಯುವಂತಿಲ್ಲ.

ಬಹುಮಾನ ಮತ್ತು ಹಕ್ಕು

ನಮ್ಮಲ್ಲಿ ಬಹುಮಾನ ಅಂದರೆ ಶಾಲು, ಹಾರ, ವೇದಿಕೆ, ಮರುದಿನ ಪತ್ರಿಕೆಯಲ್ಲಿ ಫೋಟೊ. ಇಲ್ಲಿ ಅದೆಲ್ಲ ಇಲ್ಲ, ಸಂಘಟಕರಿಗೆ ಸ್ವಲ್ಪ ಬೇಸರ ಆಗಬಹುದು. ನಗದನ್ನು ಹೆಸರು ಕಾಯುವವರು ಮಾತ್ರ ಯುಪಿಐ ಮಾಡಲಿ, ಯಾಕೆಂದರೆ ಆಗಲೂ ಪರದೆ ಮೇಲೆ ನಿಜವಾದ ಹೆಸರೇ ಬರುತ್ತೆ. ಅದೂ ಬೇಡ ಅನ್ನುವವರಿಗೆ ಇಮೇಲಿಗೆ ಪುಸ್ತಕದ ಗಿಫ್ಟ್ ಕೂಪನ್ ಕಳಿಸಬಹುದು.

‘ಬಂದ ಕಥೆಗಳ ಎಲ್ಲ ಹಕ್ಕು ಸಂಘಟಕರದ್ದು’ ಅನ್ನುವ ಸಾಲನ್ನು ಎಷ್ಟೋ ಸ್ಪರ್ಧೆಗಳು ಕಣ್ಣು ಮುಚ್ಚಿಕೊಂಡು ಹಾಕುತ್ತವೆ. ಅನ್ಯಾಯದ ಸಾಲು ಅದು. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಕಥೆ ಬರೆದ ಗಳಿಗೆಯಿಂದಲೇ ಹಕ್ಕು ಬರೆದವರದ್ದು, ನೋಂದಣಿ ಬೇಕಿಲ್ಲ. ಹಕ್ಕನ್ನು ಬಿಟ್ಟುಕೊಡುವುದಾದರೆ ಬರಹದಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ. ನಿಮಗೆ ಬೇಕಿರುವುದು ಗೆದ್ದ ಕಥೆಯನ್ನು ಕಾವ್ಯನಾಮದಲ್ಲಿ ಒಂದು ವರ್ಷ ಆನ್‌ಲೈನಿನಲ್ಲಿ ಇಡುವ ಅನುಮತಿ ಮಾತ್ರ. ಅಷ್ಟನ್ನೇ ಇಮೇಲಿನಲ್ಲಿ ಕೇಳಿ. ಬರೆದವರು ತೆಗೆಯಿರಿ ಅಂದ ದಿನ ಕಾರಣ ಕೇಳದೆ ತೆಗೆಯಿರಿ. ಮನೆಯಲ್ಲಿ ಏನಾಗಿದೆಯೋ ನಮಗೇನು ಗೊತ್ತು?

ಫಲಿತಾಂಶ ಹಾಕುವ ಮುನ್ನ ಗೆಲ್ಲದವರಿಗೂ ಒಂದು ಇಮೇಲ್ ಹೋಗಲಿ. ಕೊನೆಯ ಹತ್ತರಲ್ಲಿದ್ದವರಿಗೆ ತೀರ್ಪುಗಾರರ ಎರಡು ಸಾಲಿನ ಅಭಿಪ್ರಾಯ ಸೇರಿಸಿ.

ತಕರಾರು ಇದ್ದವರು ಹೇಳಲು ಒಂದು ತಿಂಗಳು ಕೊಡಿ. ಹಣ ಪಾವತಿಯಾಗಿ, ಆ ತಿಂಗಳೂ ಮುಗಿದ ಮೇಲೆ ಫಾರ್ಮಿನ ಉತ್ತರಗಳು, ಶೀಟು, ಗೆಲ್ಲದ ಕಥೆಗಳ ನಕಲು ಎಲ್ಲವನ್ನೂ ಅಳಿಸಿ. ಡ್ರೈವಿನಲ್ಲಿ ಅಳಿಸಿದ್ದು ಟ್ರ್ಯಾಶಿನಲ್ಲಿ 30 ದಿನ ಹಾಗೇ ಬಿದ್ದಿರುತ್ತೆ, ಅದನ್ನೂ ಖಾಲಿ ಮಾಡಬೇಕು. ತೀರ್ಪುಗಾರರ ಮೊಬೈಲಿನಲ್ಲಿ ಡೌನ್‌ಲೋಡ್ ಆಗಿರುವ ಪ್ರತಿಗಳನ್ನು ಅಳಿಸಿದ್ದೇವೆ ಅಂತ ಒಬ್ಬೊಬ್ಬರಿಂದಲೂ ಒಂದು ಸಾಲಿನ ಉತ್ತರ ತರಿಸಿಕೊಳ್ಳಿ.