ಕಾಸರಗೋಡಿನಿಂದ ಕಚ್‌ನ ರಣ್‌ಗೆ: ಕುಟುಂಬದೊಂದಿಗೆ ಕ್ಯಾರವಾನ್ ಪ್ರಯಾಣದ ಸಿದ್ಧತೆ

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನ ನಾವು ದೂರದ ಪ್ರಯಾಣಕ್ಕೆ ಸಾಮಾನು ಕಟ್ಟುವಾಗ ಯಾವುದು ಒದ್ದೆಯಾಗಬಾರದೆಂದು ಯೋಚಿಸುತ್ತೇವೆಯೇ ಹೊರತು, ನೀರು ಎಲ್ಲಿ ಸಿಗುತ್ತದೆಂದು ಯೋಚಿಸುವುದಿಲ್ಲ. ಅದರ ಏಳನೆಯ ಒಂದು ಪಾಲು ಮಳೆಗೂ ಖಾತರಿಯಿಲ್ಲದ ಗುಜರಾತಿನ ಗಡಿ ಜಿಲ್ಲೆ ಕಚ್‌ಗೆ ಮಕ್ಕಳು, ಹಿರಿಯರ ಸಮೇತ ಹೊರಡುವವರು ದಾರಿ, ತಂಗುವ ಜಾಗ, ಅಡುಗೆ, ಹೊರೆ ಎಲ್ಲವನ್ನೂ ನೀರಿನ ಲೆಕ್ಕದಿಂದಲೇ ಆರಂಭಿಸಬೇಕು. ರಾಜಸ್ಥಾನದ ಥಾರ್ ಮರುಭೂಮಿಗಿಂತ ಕಚ್ ಮೊದಲ ಪ್ರಯಾಣಕ್ಕೆ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ಜೈಸಲ್ಮೇರ್ ಇನ್ನೂ ದೂರ. ಕಚ್‌ನಲ್ಲಾದರೆ ಭುಜ್ ನಗರವನ್ನು ನೆಲೆಯಾಗಿಟ್ಟುಕೊಂಡು ನಿರ್ಜನ ಪ್ರದೇಶಕ್ಕೆ ಹೋಗಿ ಹಿಂದಿರುಗಬಹುದು.

ಕಾಲ ಮತ್ತು ದಾರಿ

ನಮ್ಮ ಶಾಲೆಗಳ ದೊಡ್ಡ ರಜೆ ಬರುವುದು ಏಪ್ರಿಲ್–ಮೇ ತಿಂಗಳಿನಲ್ಲಿ. ಮರುಭೂಮಿಗೆ ಕಾಲಿಡಬಾರದ ತಿಂಗಳುಗಳೂ ಅವೇ. ಮಳೆಗಾಲದಲ್ಲಿ ರಣ್ ನೀರಿನಲ್ಲಿ ಮುಳುಗಿರುತ್ತದೆ, ಅದು ಆರಿ ಉಪ್ಪಿನ ಬಯಲಾಗಲು ಚಳಿಗಾಲ ಬರಬೇಕು. ಆದ್ದರಿಂದ ಕ್ರಿಸ್‌ಮಸ್ ರಜೆಗೆ ಜನವರಿಯ ಕೆಲವು ದಿನಗಳನ್ನು ಸೇರಿಸಿಕೊಳ್ಳುವುದೇ ಉಳಿದಿರುವ ದಾರಿ. ಡಿಸೆಂಬರ್ ಕೊನೆಯ ವಾರ ರಣ್ ಉತ್ಸವದ ಜನಜಂಗುಳಿಯಿರುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಂತೂ ಉತ್ಸವ ನಡೆಯುವ ಧೋರ್ಡೋ ಗ್ರಾಮದ ಸುತ್ತ ವಾಹನ ನಿಲ್ಲಿಸಲು ಜಾಗ ಸಿಗುವುದೂ ಕಷ್ಟ.

ಕಾಸರಗೋಡಿನಿಂದ ಭುಜ್‌ಗೆ ಒಂದು ಬದಿಗೆ ಸುಮಾರು 1,800 ಕಿಲೋಮೀಟರ್ ದೂರವಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿಯೇ ಕರಾವಳಿಗುಂಟ ಪನ್ವೇಲ್‌ವರೆಗೆ ಹೋಗಬಹುದಾದರೂ, ಉದ್ದದ ಭಾರಿ ವ್ಯಾನಿಗೆ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆಯ ಮೂಲಕ ಹೆದ್ದಾರಿ 48ನ್ನು ಹಿಡಿಯುವುದು ಹೆಚ್ಚು ಸಲೀಸು. ದಿನಕ್ಕೆ 450 ಕಿಲೋಮೀಟರಿಗಿಂತ ಹೆಚ್ಚು ಓಡಿಸದಿದ್ದರೆ ನಾಲ್ಕು ದಿನ ಹಿಡಿಯುತ್ತದೆ, ಸೂರಜ್‌ಬಾರಿ ಸೇತುವೆ ದಾಟಿದರೆ ಕಚ್. ಮನೆಯಲ್ಲಿ ಅಜ್ಜ, ಅಜ್ಜಿ ಅಥವಾ ಪುಟ್ಟ ಮಕ್ಕಳಿದ್ದರೆ ಅವರನ್ನು ನಮ್ಮ ಕರಾವಳಿಯ ಹಳಿಯಲ್ಲೇ ಹಾದುಹೋಗುವ ನಾಗರಕೋವಿಲ್–ಗಾಂಧೀಧಾಮ ರೈಲಿನಲ್ಲಿ ಕಳುಹಿಸಿ, ಇಬ್ಬರು ಚಾಲಕರು ಮಾತ್ರ ವಾಹನವನ್ನು ಒಯ್ಯುವುದು ಒಳ್ಳೆಯದು. ಗಾಂಧೀಧಾಮದಿಂದ ಭುಜ್ ಒಂದೆರಡು ಗಂಟೆಯ ದಾರಿಯಷ್ಟೆ.

ವಾಹನ ಮತ್ತು ಕಾಗದಪತ್ರ

ಕಾರಿನ ಹಿಂದೆ ಎಳೆಯುವ ಕ್ಯಾರವಾನ್ ನಮ್ಮ ರಸ್ತೆಗಳಿಗೆ ಹೇಳಿದ್ದಲ್ಲ. ಹಳ್ಳಿಯ ಇಕ್ಕಟ್ಟಿನಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದೇ ದೊಡ್ಡ ಪಾಡು. ವ್ಯಾನಿನೊಳಗೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ವಾಹನ ಮತ್ತು ಹೊರಗೆ ಹಾಕಲು ಒಂದು ಡೇರೆ ಇದ್ದರೆ ಐದು ಮಂದಿಯ ಕುಟುಂಬಕ್ಕೆ ಸಾಕು. ಮನೆಯ ವ್ಯಾನನ್ನೇ ಮಾರ್ಪಡಿಸುವವರು, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಅದನ್ನು ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಪುಸ್ತಕಕ್ಕೆ ಸೇರಿಸಿಕೊಳ್ಳಬೇಕು. ಇಲ್ಲವಾದರೆ ಕಾಸರಗೋಡಿನ ಕೆಎಲ್ 14 ಫಲಕದ ವಿಚಿತ್ರ ವ್ಯಾನನ್ನು ಪ್ರತಿ ರಾಜ್ಯದ ಗಡಿಯಲ್ಲೂ ನಿಲ್ಲಿಸುತ್ತಾರೆ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಚಾಲನೆ ನೀಡಿದ ಮೇಲೆ ಬಾಡಿಗೆಯ ಕ್ಯಾರವಾನ್‌ಗಳೂ ಸಿಗುತ್ತಿವೆ. ಹಾಗೆ ಪಡೆಯುವುದಾದರೆ ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಬೇಕು.

ಬಿಳಿ ರಣ್ ಪ್ರವೇಶಕ್ಕೆ ಅನುಮತಿ ಪತ್ರ ಬೇಕು. ಅದನ್ನು ಆನ್‌ಲೈನಿನಲ್ಲಿ ಅಥವಾ ಭಿರಂಡಿಯಾರಾ ತಪಾಸಣಾ ಠಾಣೆಯಲ್ಲಿ ಪಡೆಯಬಹುದು. ಎಲ್ಲ ವಯಸ್ಕರ ಗುರುತಿನ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ. ಖಾವಡಾದ ಆಚೆ ಗಡಿಯ ಕಡೆಗಿರುವ ಇಂಡಿಯಾ ಬ್ರಿಡ್ಜ್ ಎಂಬ ಸೇತುವೆಯನ್ನು ಸಾರ್ವಜನಿಕರು ಅನುಮತಿಯಿಲ್ಲದೆ ದಾಟುವಂತಿಲ್ಲ. ಮೊಬೈಲ್ ಸಂಕೇತ ಸಿಗದ ಜಾಗವೆಂದು ಸ್ಯಾಟಲೈಟ್ ಫೋನ್ ಕೊಂಡೊಯ್ಯಲು ಯೋಚಿಸುವವರು ಗಮನಿಸಬೇಕು: ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಭಾರತದಲ್ಲಿ ಅಪರಾಧ, ಗಡಿ ಪ್ರದೇಶದಲ್ಲಿ ಅದು ಇನ್ನೂ ಗಂಭೀರ. ಡ್ರೋನನ್ನೂ ಮನೆಯಲ್ಲಿಯೇ ಬಿಡುವುದು ಲೇಸು. ಗುಜರಾತಿನಲ್ಲಿ ಪಾನನಿಷೇಧವಿರುವುದರಿಂದ, ಗೋವಾದ ಮೂಲಕ ಬರುವವರು ಅಲ್ಲಿ ಕೊಂಡ ಬಾಟಲಿಗಳನ್ನು ಗಡಿಗೆ ಮೊದಲೇ ವಿಲೇವಾರಿ ಮಾಡಬೇಕೆಂಬುದನ್ನು ಮನೆಯ ಹಿರಿಯರು ಒಮ್ಮೆ ಗಟ್ಟಿಯಾಗಿ ಹೇಳಿಬಿಡುವುದು ಒಳಿತು.

ನೀರು

ಒಬ್ಬರಿಗೆ ದಿನಕ್ಕೆ ಕುಡಿಯಲು 4 ಲೀಟರ್, ಅಡುಗೆಗೆ 3 ಲೀಟರ್, ಪಾತ್ರೆ, ಕೈಕಾಲು, ಶೌಚಕ್ಕೆ 5 ಲೀಟರ್ ಎಂದರೆ 12 ಲೀಟರ್ ಆಯಿತು. ಐದು ಮಂದಿಗೆ ದಿನಕ್ಕೆ 60, ಮೂರು ದಿನಕ್ಕೆ 180 ಲೀಟರ್; ಅಂದರೆ ವಾಹನದ ಹೊರೆಗೆ 180 ಕಿಲೋ ಸೇರಿತು. ಇದರಲ್ಲಿ ಸ್ನಾನ ಇಲ್ಲ. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿಟ್ಟರೆ ಒಂದು ಬಿರುಕಿನಿಂದ ಎಲ್ಲವೂ ಹೋದೀತಾದ್ದರಿಂದ, 20 ಲೀಟರಿನ ಕ್ಯಾನ್‌ಗಳಲ್ಲಿ ತುಂಬಿ, ತಗ್ಗಿನಲ್ಲಿ, ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವೆ ಅಲುಗಾಡದಂತೆ ಕಟ್ಟಬೇಕು. ಎರಡು ಕ್ಯಾನ್‌ಗಳಿಗೆ ಕೆಂಪು ಪಟ್ಟಿ ಕಟ್ಟಿ, ಅವು ಆಪತ್ತಿಗೆ ಮಾತ್ರವೆಂದು ಮಕ್ಕಳಿಗೂ ತಿಳಿಸಬೇಕು. ಕೆಂಪು ಪಟ್ಟಿಯ ಕ್ಯಾನ್ ತೆರೆಯುವ ಹೊತ್ತು ಬಂತೆಂದರೆ ಮುಂದಕ್ಕೆ ಹೋಗದೆ ಹಿಂದಿರುಗಬೇಕೆಂಬುದೇ ನಿಯಮ.

ಗುಡ್ಡದ ಒಡಲನ್ನು ಅಡ್ಡಕ್ಕೆ ಕೊರೆದು ಸುರಂಗದಿಂದ ನೀರು ಇಳಿಸಿಕೊಂಡ ನಮ್ಮ ಹಿರಿಯರಂತೆಯೇ, ಕಚ್‌ನ ಬನ್ನಿ ಎಂಬ ಹುಲ್ಲುಗಾವಲಿನ ಮಾಲ್ಧಾರಿ ಪಶುಪಾಲಕರೂ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ತಗ್ಗು ಜಾಗಗಳಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ನಿಲ್ಲುತ್ತದೆ; ಆ ಪದರವನ್ನಷ್ಟೇ ಮುಟ್ಟುವಂತೆ ಆಳವಿಲ್ಲದ ವೀರ್ಡಾ ಎಂಬ ಗುಂಡಿಗಳನ್ನು ತೋಡುತ್ತಾರೆ. ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಆದ್ದರಿಂದ ಅಲ್ಲಿನ ನೀರಿಗೆ ಕೇಳದೆ ಕೈಹಾಕಬಾರದು, ಕೊಟ್ಟರೂ ವಾಹನ ತೊಳೆಯಲು ಬಳಸಬಾರದು. ಖಾವಡಾದಿಂದ ರಣ್‌ನ ನಡುವೆ ಹಾದುಹೋಗುವ ರಸ್ತೆಯಲ್ಲಿ ಖಾದಿರ್ ದ್ವೀಪದ ಧೋಲಾವೀರಾಕ್ಕೆ ಹೋದರೆ, ಸಾವಿರಾರು ವರ್ಷಗಳ ಹಿಂದಿನ ಹರಪ್ಪಾ ಜನರು ಕಟ್ಟಿದ ದೊಡ್ಡ ಜಲಾಶಯಗಳನ್ನು ಮಕ್ಕಳಿಗೆ ತೋರಿಸಬಹುದು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣವದು.

ಅಡುಗೆಯೂ ನೀರಿನ ಲೆಕ್ಕಕ್ಕೆ ಹೊಂದಬೇಕು. ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು, ಹೆಚ್ಚು ಅನಿಲ, ಹೆಚ್ಚು ನೀರು ಬೇಕಾಗುವುದರಿಂದ ಅದನ್ನು ಭುಜ್‌ನವರೆಗೆ ಮಾತ್ರ ಇಟ್ಟುಕೊಂಡು, ಮುಂದೆ ಕುಕ್ಕರಿನಲ್ಲಿ ಬೆಳ್ತಿಗೆ ಅಕ್ಕಿ, ಅವಲಕ್ಕಿ, ಹುರಿದ ರವೆಯಿಂದ ದಿನ ಕಳೆಯುವುದು ಜಾಣತನ. ಉಪ್ಪಿನಕಾಯಿ, ಹಪ್ಪಳವನ್ನು ಮಾತ್ರ ಮಿತಿಯಲ್ಲಿ ಬಡಿಸಬೇಕು, ಉಪ್ಪು ಹೆಚ್ಚಿದಷ್ಟೂ ಬಾಯಾರಿಕೆಯೂ ಹೆಚ್ಚುತ್ತದೆ.

ರಾತ್ರಿ, ಚಳಿ ಮತ್ತು ಅನಿಲ

ಕಂಬಳಿಯೇ ಬೇಕಾಗದ ನಾಡಿನಿಂದ ಹೋಗುವವರು ಮರುಭೂಮಿಯ ಚಳಿಯನ್ನು ಹಗುರವಾಗಿ ಎಣಿಸುತ್ತಾರೆ. ಕಚ್‌ನ ನಲಿಯಾ ಚಳಿಗಾಲದಲ್ಲಿ ಪದೇಪದೇ ಗುಜರಾತಿನ ಅತ್ಯಂತ ತಣ್ಣನೆಯ ಊರಾಗುತ್ತದೆ, ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಪ್ರತಿಯೊಬ್ಬರಿಗೂ ಉಣ್ಣೆಯ ಟೋಪಿ, ಕಾಲುಚೀಲ, ದಪ್ಪ ಕಂಬಳಿ ಬೇಕು. ಡೇರೆಯೊಳಗೆ ನೆಲಕ್ಕೆ ಹಾಸುವ ದಪ್ಪ ಚಾಪೆ ಹೊದಿಕೆಯಷ್ಟೇ ಮುಖ್ಯ. ಚಳಿಗೆ ಮುಚ್ಚಿದ ವ್ಯಾನಿನಲ್ಲಾಗಲಿ ಡೇರೆಯಲ್ಲಾಗಲಿ ಕೆಂಡದ ಅಗ್ಗಿಷ್ಟಿಕೆ ಇಡಕೂಡದು: ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಏಳಗೊಡದು. ಅಡುಗೆಗೆ 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ಅನಿಲ ಗಾಳಿಗಿಂತ ಭಾರವಾಗಿ ನೆಲದಲ್ಲಿ ಸಂಗ್ರಹವಾಗುವುದರಿಂದ ವ್ಯಾನಿನ ತಳದಲ್ಲೂ ಗಾಳಿ ಹೋಗುವ ಕಿಂಡಿ ಇರಲೇಬೇಕು, ಮಲಗುವಾಗ ಸಿಲಿಂಡರಿನ ತಿರುಪನ್ನೇ ಮುಚ್ಚಬೇಕು.

ಸಿಕ್ಕಸಿಕ್ಕಲ್ಲಿ ಡೇರೆ ಹಾಕುವುದು ಗಡಿ ಜಿಲ್ಲೆಯಲ್ಲಿ ಸರಿಯಲ್ಲ. ಹೋಡ್ಕಾದಂತಹ ಹಳ್ಳಿಗಳಲ್ಲಿ ಭುಂಗಾ ಎಂಬ ದುಂಡನೆಯ ಮಣ್ಣಿನ ಗುಡಿಸಲುಗಳಿರುವ ವಸತಿಗಳ ಅಂಗಳದಲ್ಲಿ ಹಣ ಕೊಟ್ಟು ವಾಹನ ನಿಲ್ಲಿಸಿಕೊಂಡರೆ ಶೌಚಾಲಯ, ನೀರು, ಕಾವಲು ಮೂರೂ ದೊರೆಯುತ್ತವೆ. ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗಲು ಏಳು ಗಂಟೆ ದಾಟುತ್ತದೆ. ಸಂಜೆ ಐದಕ್ಕೆ ತಂಗುವ ಜಾಗ ಸೇರಿರಬೇಕು. ಕತ್ತಲಾದ ಮೇಲೆ ರಸ್ತೆಯಲ್ಲಿ ಎಮ್ಮೆ, ಒಂಟೆ, ನೀಲಗಾಯ್ ಅಡ್ಡಬರುತ್ತವೆ. ರಾತ್ರಿ ಹೊರಗಿಳಿಯುವಾಗ ಟಾರ್ಚ್, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳುವ ಅಭ್ಯಾಸ ಎಲ್ಲರಿಗೂ ಬೇಕು, ಏಕೆಂದರೆ ಗರಗಸ ಮಂಡಲ ಹಾವು ಮತ್ತು ಚೇಳುಗಳು ಆ ನಾಡಿನ ನಿವಾಸಿಗಳು. ಹಾವು ಕಚ್ಚಿದರೆ ಬಿಗಿದು ಕಟ್ಟದೆ, ಕೊಯ್ಯದೆ, ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಬೇಧಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬಹುದು, ಚಮಚ ಚಹಾದ್ದಾಗಿರಲಿ.

ರಣ್‌ನ ರಸ್ತೆ ಮತ್ತು ಉಪ್ಪು

ವ್ಯಾನನ್ನು ಡಾಂಬರಿನಿಂದ ಕೆಳಗಿಳಿಸಬಾರದು. ಉಪ್ಪಿನ ಹೆಪ್ಪು ಎಷ್ಟೇ ಗಟ್ಟಿಯಾಗಿ ಕಂಡರೂ ಅದರಡಿಯಲ್ಲಿ ಅಂಟು ಕೆಸರಿರುತ್ತದೆ, ಹೂತರೆ ಎಳೆಯಲು ಬರುವ ಟ್ರ್ಯಾಕ್ಟರ್ ಸಹ ಹೂತುಹೋಗಬಹುದು. ರಸ್ತೆಯಂಚಿನ ಮರಳಿನಲ್ಲಿ ಚಕ್ರ ಸಿಲುಕಿದರೆ ಆಕ್ಸಿಲರೇಟರ್ ಒತ್ತುವುದನ್ನು ತಕ್ಷಣ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಟಯರ್ ಮುಂದಿನ ಮರಳನ್ನು ತೋಡಿ ತೆಗೆದು, ಗಾಳಿಯನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿ, ಚಾಪೆಯನ್ನೋ ಹಲಗೆಯನ್ನೋ ಅಡಿಗಿಟ್ಟು ನಿಧಾನವಾಗಿ ಹೊರತರಬೇಕು. ಡಾಂಬರು ಸೇರಿದೊಡನೆ ಗಾಳಿ ತುಂಬಲು ಬ್ಯಾಟರಿಯಿಂದ ನಡೆಯುವ ಪಂಪು ಜತೆಗಿರಲಿ. ಡೀಸೆಲ್ ಅರ್ಧಕ್ಕಿಳಿದಾಗಲೇ ತುಂಬಿಸಬೇಕು.

ರಣ್ ಬಿಟ್ಟು ಹೊರಡುವ ದಿನವೇ ಭುಜ್ ಅಥವಾ ಗಾಂಧೀಧಾಮದ ಸರ್ವಿಸ್ ಸ್ಟೇಷನಿನಲ್ಲಿ ವಾಹನದ ಅಡಿಭಾಗವನ್ನು ಒತ್ತಡದ ಸಿಹಿನೀರಿನಿಂದ ತೊಳೆಸಬೇಕು. ಕಡಲ ಗಾಳಿ ನಮ್ಮ ಕಬ್ಬಿಣದ ಗೇಟುಗಳನ್ನು ತಿನ್ನುವುದನ್ನು ಕಂಡಿರುವ ನಮಗೆ ಉಪ್ಪಿನ ಕೆಲಸದ ಪರಿಚಯವಿದ್ದೇ ಇದೆ; ಆದರೆ ಇಲ್ಲಿ ಧೂಳಿನೊಂದಿಗೆ ಉಪ್ಪು ಚಾಸಿಯ ಸಂದುಗಳಲ್ಲಿ ಮೆತ್ತಿಕೊಂಡು, ಊರಿಗೆ ಬಂದು ತೇವ ತಗುಲಿದಾಗ ತುಕ್ಕಾಗಿ ಎದ್ದುಬರುತ್ತದೆ. ಬ್ರೇಕಿನ ಕೊಳವೆಗಳು, ಸ್ಪೇರ್ ಚಕ್ರದ ತೊಟ್ಟಿಲು, ಬ್ಯಾಟರಿಯ ತುದಿಗಳು, ಇವಿಷ್ಟನ್ನು ನಿಂತು ತೊಳೆಸಿ, ಮಂಗಳೂರಿನ ಹತ್ತಿರ ಬಂದಾಗ ಮೆಕ್ಯಾನಿಕ್‌ಗೆ ಇನ್ನೊಮ್ಮೆ ತೋರಿಸಬೇಕು.