ಮಾಂಡೋವಿಯಲ್ಲಿ ಒಂದು ಹಳೆ ಭೋಂಗಾ

ಗುಂಡಿ ಒತ್ತಿದರೆ ಆ ಹಾರ್ನು ಕೆಮ್ಮುತ್ತಿತ್ತು. ಮೊದಲು ಗೊರಗೊರ, ಆಮೇಲೆ ಬರೀ ಉಸ್ ಅನ್ನೋ ಸದ್ದು, ಕಡೆಗೆ ಕಹಳೆಯ ಬಾಯಿಂದ ನಾಲ್ಕು ಹನಿ ಕಂದು ನೀರು. ಪಣಜಿಯ ಎದುರು ದಂಡೆ ಬ್ರಿಟೋನಾದಲ್ಲಿ ಕಟ್ಟಿದ್ದ 17 ಮೀಟರ್ ಉದ್ದದ ಮರದ ಮೋಟಾರ್ ಯಾಟ್‌ನ, ಅಂದರೆ ವಿಹಾರ ದೋಣಿಯ, ಹಾರ್ನು ಅದು. ದೋಣಿ 1960ರ ದಶಕದಲ್ಲಿ ಅಮೆರಿಕದಲ್ಲಿ ಕಟ್ಟಿದ್ದು. ಎಷ್ಟೋ ಕೈ ಬದಲಾಗಿ ಗೋವಾಕ್ಕೆ ಬಂದು ಸೇರಿತ್ತು. ಮಾಲೀಕರು "ಇದನ್ನ ತೆಗೆದುಹಾಕಿ, ಹೊಸ ಎಲೆಕ್ಟ್ರಿಕ್ ಹಾರ್ನ್ ಕೂರಿಸಿಬಿಡಿ" ಅಂದರು. ಒಂದು ಮಳೆಗಾಲ ಸಮಯ ಕೊಡಿ ಅಂತ ಕೇಳಿಕೊಂಡೆ.

ನಾನು ಹುಬ್ಬಳ್ಳಿಯವನು. ರೈಲ್ವೆ ವರ್ಕ್‌ಶಾಪಿನ ಭೋಂಗಾ, ಅಂದರೆ ಸೈರನ್ನು, ಕೇಳಿಯೇ ನಮ್ಮ ಓಣಿಯಲ್ಲಿ ಅನ್ನಕ್ಕೆ ಎಸರು ಇಡುತ್ತಿದ್ದರು. ಗೋವಾಕ್ಕೆ ಬಂದು ದೋಣಿ ಎಂಜಿನ್ ಕೆಲಸ ಹಿಡಿದು 22 ವರ್ಷ ಆಯ್ತು. ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. ಅದೇ ನೀರಿನ ಮೇಲೆ ಒಂದು ಹಳೆ ಭೋಂಗಾ ಮೂಕಾಗಿ ಕೂತಿರೋದನ್ನ ನೋಡಿ ಸುಮ್ನೆ ಇರಲು ಆಗಲಿಲ್ಲ.

ಇದು ಅಲಂಕಾರದ ಸಾಮಾನೂ ಅಲ್ಲ. ಡಿಕ್ಕಿ ತಪ್ಪಿಸಲು 1972ರಲ್ಲಿ ಆದ ಅಂತರರಾಷ್ಟ್ರೀಯ ಸಮುದ್ರ ನಿಯಮಗಳ ಪ್ರಕಾರ 12 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗಿಗೆ ಸೀಟಿ, ಅಂದರೆ ಇಂಥ ಹಾರ್ನು, ಇರಲೇಬೇಕು. 20 ಮೀಟರಿಗಿಂತ ಚಿಕ್ಕದಾದರೆ ಅದರ ಕೂಗು ಅರ್ಧ ನಾಟಿಕಲ್ ಮೈಲಿ ಕೇಳಬೇಕು. ಒಂದು ಚಿಕ್ಕ ಕೂಗು ಅಂದರೆ ಬಲಕ್ಕೆ ತಿರುಗುತ್ತಿದ್ದೇನೆ. ಎರಡು, ಎಡಕ್ಕೆ. ಮೂರು, ಎಂಜಿನ್ ಹಿಂದಕ್ಕೆ ಹಾಕಿದ್ದೇನೆ. ಐದು, ನೀನು ಏನು ಮಾಡ್ತಿದ್ದೀಯೋ ನನಗೆ ತಿಳೀತಿಲ್ಲ. ಅದಿರು ತುಂಬಿದ ಬಾರ್ಜು ಎದುರಿಗೆ ಬರುವ ನದಿಯಲ್ಲಿ ಈ ಭಾಷೆ ಆಡಲು ಬಾರದ ದೋಣಿ ಇಟ್ಟುಕೊಂಡರೆ ಹೇಗೆ?

ಮೊದಮೊದಲು ನಾನೂ ಎಲ್ಲರ ಹಾಗೆ ನೇರ ಹಾರ್ನಿಗೇ ಸ್ಪ್ಯಾನರ್ ಹಾಕುತ್ತಿದ್ದೆ. ಹಾಗೆ ಬಿಚ್ಚಿ, ಒಳಗಿನ ನಳಿಕೆಯ ಅಂಚು ಒರಟಾಗಿದೆ ಅಂತ ಅರ ಹಾಕಿ ಉಜ್ಜಿ, ಒಳ್ಳೆಯದೊಂದು ಹಾರ್ನು ಹಾಳು ಮಾಡಿದ್ದೇನೆ. ಅದು ಮತ್ತೆ ಕೂಗಲೇ ಇಲ್ಲ. ಇಂಥ ಹಾರ್ನು ಕೂಗುವುದು ಗಾಳಿಯಿಂದ. ಕಂಪ್ರೆಸರು ಟ್ಯಾಂಕಿಗೆ ಗಾಳಿ ತುಂಬುತ್ತೆ, ಗುಂಡಿ ಒತ್ತಿದರೆ ವಿದ್ಯುತ್ ವಾಲ್ವು ತೆರೆದು ಆ ಗಾಳಿ ಹಾರ್ನಿಗೆ ನುಗ್ಗುತ್ತೆ. ಅದಕ್ಕೇ ಆವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮೊದಲು ಗಾಳಿ, ಆಮೇಲೆ ವಿದ್ಯುತ್ತು, ಕಡೆಗೆ ಹಾರ್ನು. ಕೆಟ್ಟಿದೆ ಅಂತ ನನ್ನ ಹತ್ತಿರ ಬಂದ ಹಾರ್ನುಗಳಲ್ಲಿ ಹೆಚ್ಚಿನವು ಕೆಟ್ಟಿರಲೇ ಇಲ್ಲ. ಅವಕ್ಕೆ ಸರಿಯಾದ ಗಾಳಿ ಸಿಗುತ್ತಿರಲಿಲ್ಲ, ಅಷ್ಟೇ.

ಇಲ್ಲೂ ಟ್ಯಾಂಕಿನ ಮೇಲಿನ ಗೇಜು 8 ಬಾರ್ ಒತ್ತಡ ತೋರಿಸುತ್ತಿತ್ತು. ನೋಡಿದವರು ಗಾಳಿ ಸರಿ ಇದೆ ಅಂದುಕೊಳ್ಳುತ್ತಾರೆ. ನಾನು ಹಾರ್ನಿನ ಬುಡದಲ್ಲಿ ಒಂದು T ಆಕಾರದ ಕವಲು ಪೈಪು ಕೂರಿಸಿ ಅಲ್ಲಿ ಇನ್ನೊಂದು ಗೇಜು ಹಾಕಿದೆ. ಗುಂಡಿ ಒತ್ತುವ ಮೊದಲು ಅಲ್ಲೂ ಅಷ್ಟೇ. ಒತ್ತಿದ ಕೂಡಲೇ ಮುಳ್ಳು ಒಂದೂವರೆ ಬಾರ್‌ಗೆ ಬಿತ್ತು! ಯಾರೋ ಹಿಂದೊಮ್ಮೆ ಹಳೆ ತಾಮ್ರದ ಪೈಪು ಕಿತ್ತು 6 ಮಿಲಿಮೀಟರಿನ ಪ್ಲಾಸ್ಟಿಕ್ ಕೊಳವೆ ಎಳೆದಿದ್ದರು. ಅಷ್ಟು ಸಣ್ಣ ಗಂಟಲಲ್ಲಿ ಅಷ್ಟು ಗಾಳಿ ಹೋಗುವುದು ಹೇಗೆ? 15 ಮಿಲಿಮೀಟರ್ ತಾಮ್ರದ ಪೈಪು ಹಾಕಿದೆವು. ನೀರು ಹಿಂದಕ್ಕೆ ಹರಿಯಲಿ ಅಂತ ಉದ್ದಕ್ಕೂ ಟ್ಯಾಂಕಿನ ಕಡೆಗೆ ಇಳಿಜಾರು ಕೊಟ್ಟೆವು. ಗೇಜನ್ನು ಗಾಳಿ ಹರಿಯುವಾಗ ನೋಡಬೇಕು, ನಿಂತಾಗ ನೋಡಿದರೆ ಏನೂ ತಿಳಿಯುವುದಿಲ್ಲ.

ಟ್ಯಾಂಕಿನ ತಳದ ನಲ್ಲಿ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ ನೋಡಿದರೆ ಅರ್ಧ ಕೊಡ ನೀರು. ಗೋವಾದ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ. ಅದನ್ನು ಎಂಟೊಂಬತ್ತು ಪಟ್ಟು ಹಿಂಡಿ ತಣ್ಣಗಾಗಲು ಬಿಟ್ಟರೆ ನೀರು ಇಳಿಯದೆ ಇನ್ನೇನಾಗುತ್ತೆ? ಅದಕ್ಕೆ ಕಂಪ್ರೆಸರಿನ ಎಣ್ಣೆ ಸೇರಿ ಕೆಸರಾಗಿ ಹಾರ್ನಿನವರೆಗೂ ಹೋಗಿತ್ತು. ಹಳೆ ಟ್ಯಾಂಕನ್ನು ಗಾಳಿ ತುಂಬಿ ಪರೀಕ್ಷೆ ಮಾಡಬೇಡಿ, ದಯವಿಟ್ಟು. ಹಿಂಡಿದ ಗಾಳಿಯ ಟ್ಯಾಂಕು ಒಡೆದರೆ ಅದು ಬಾಂಬು. ನೀರು ತುಂಬಿ ಒತ್ತಡ ಕೊಟ್ಟರೆ ತೂತು ಬಿದ್ದರೂ ಬರೀ ಸೋರುತ್ತೆ. ನಾವು 8 ಬಾರಿನ ಟ್ಯಾಂಕಿಗೆ ನೀರಿನಲ್ಲಿ 12 ಬಾರ್ ಕೊಟ್ಟು ಅರ್ಧ ಗಂಟೆ ನಿಲ್ಲಿಸಿದೆವು. ತಡೆಯಿತು.

ವಿದ್ಯುತ್ತಿನ ಕಥೆ ಚಿಕ್ಕದು. ವಾಲ್ವನ್ನು ಎಳೆದು ತೆರೆಯುವ ತಂತಿಸುರುಳಿ, ಅಂದರೆ ಕಾಯಿಲ್, ಅದರ ಮೇಲೆ 32 ವೋಲ್ಟ್ ಅಂತ ಕೆತ್ತಿತ್ತು. ಹಳೆ ಅಮೆರಿಕನ್ ಯಾಟುಗಳಲ್ಲಿ 32 ವೋಲ್ಟ್ ಬ್ಯಾಟರಿ ಸಾಲು ಸಾಮಾನ್ಯವಾಗಿತ್ತು. ಈಗ ಈ ದೋಣಿಯಲ್ಲಿರುವುದು 24. ಅಷ್ಟರಲ್ಲಿ ಕಾಯಿಲಿನ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ, ವಾಲ್ವು ಪೂರ್ತಿ ತೆರೆಯುವುದಿಲ್ಲ. ವಾಸ್ಕೋದಲ್ಲಿ ಮೋಟಾರ್ ಸುತ್ತುವ ಬಾಗಲಕೋಟೆಯ ಹುಡುಗನೊಬ್ಬ ಇದ್ದಾನೆ. ಅವನು ಒಂದೇ ಸಂಜೆಯಲ್ಲಿ 24 ವೋಲ್ಟಿಗೆ ತಂತಿ ಸುತ್ತಿ ಕೊಟ್ಟ. ಇದರ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. 12 ವೋಲ್ಟಿನ ಕಾಯಿಲಿಗೆ 24 ಕೊಟ್ಟರೆ ಬಿಸಿ ನಾಲ್ಕು ಪಟ್ಟಾಗಿ ಸುಟ್ಟೇ ಹೋಗುತ್ತೆ.

ಈಗ ಹಾರ್ನು. ಎರಡು ಹಿತ್ತಾಳೆ ಕಹಳೆ, ಒಂದು ಉದ್ದ, ಒಂದು ಗಿಡ್ಡ. ಗಿಡ್ಡದರ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ನೀರು ಬಿಟ್ಟು ನೆನೆಸಿ ತೆಗೆದೆ. ಕಬ್ಬಿಣದ ಸಲಾಕೆ ಹಾಕಿದರೆ ಒಳಗೆ ಗೀರು ಬೀಳುತ್ತೆ.

ಊದುವ ಕಹಳೆಯಲ್ಲಿ ತುಟಿ ಮಾಡುವ ಕೆಲಸವನ್ನು ಇಲ್ಲಿ ಒಂದು ತೆಳು ಲೋಹದ ಬಿಲ್ಲೆ ಮಾಡುತ್ತೆ. ಅದೇ ಡಯಾಫ್ರಮ್ಮು. ಅದು ನಳಿಕೆಯ ಬಾಯಿಗೆ ಒತ್ತಿ ಕೂತಿರುತ್ತೆ. ಗಾಳಿ ಬಂದು ಅದನ್ನು ಎತ್ತುತ್ತೆ, ಒಂದು ಗುಕ್ಕು ಕಹಳೆಗೆ ನುಗ್ಗುತ್ತೆ, ಒತ್ತಡ ಇಳಿದು ಬಿಲ್ಲೆ ಮತ್ತೆ ಕೂರುತ್ತೆ. ಸೆಕೆಂಡಿಗೆ ನೂರಾರು ಸಲ ಹೀಗೆ. ಎಷ್ಟು ಸಲ ಅನ್ನೋದನ್ನ ಬಹುಮಟ್ಟಿಗೆ ಕಹಳೆಯ ಉದ್ದ ತೀರ್ಮಾನಿಸುತ್ತೆ. ಉದ್ದವಾದಷ್ಟೂ ದನಿ ದಪ್ಪ.

ಬಿಲ್ಲೆಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದೆ. ಗಿಡ್ಡ ಕಹಳೆಯದರ ಅಂಚಿನಲ್ಲಿ ಕೂದಲಿನಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಉಳಿದ ಎಣ್ಣೆ ಸುಣ್ಣಕ್ಕೆ ಹತ್ತುತ್ತೆ, ಹಳೆ ಫಿಟ್ಟರುಗಳ ಉಪಾಯ ಇದು. ಹೊಸದು ಮಾಡಲೇಬೇಕಾಯ್ತು. ಮೈಕ್ರೋಮೀಟರಿನಲ್ಲಿ ಹಳೆಯದು 0.3 ಮಿಲಿಮೀಟರ್. ಅಷ್ಟೇ ದಪ್ಪದ ಫಾಸ್ಫರ್ ಬ್ರಾಂಜ್ ಹಾಳೆ ಮುಂಬೈಯಿಂದ ತರಿಸಿದೆ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಸುರುಟಿಕೊಳ್ಳುತ್ತೆ. ಎರಡು ದಪ್ಪ ಫಲಕದ ನಡುವೆ ಹಾಳೆಯನ್ನು ಬಿಗಿದು ಲೇತಿನಲ್ಲಿ ಸುತ್ತಲೂ ಕಡೆಯಬೇಕು. ಕೆಲವು ಹಳೆ ಹಾರ್ನುಗಳಲ್ಲಿ ಬೆರಿಲಿಯಂ ತಾಮ್ರದ ಬಿಲ್ಲೆ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಏನು ಲೋಹ ಅಂತ ಗೊತ್ತಿಲ್ಲದ ಬಿಲ್ಲೆಯನ್ನು ಉಜ್ಜಲೇಬೇಡಿ.

ಎಲ್ಲ ಜೋಡಿಸಿ ಊದಿದರೆ ಉದ್ದದ್ದು ಕೂಗಿತು, ಗಿಡ್ಡದ್ದು ಬರೀ ಉಸ್. ಮೂರು ದಿನ ತಲೆ ಕೆಡಿಸಿಕೊಂಡೆ. ಕಡೆಗೆ ಸಿಕ್ಕಿದ್ದು ಬಿಲ್ಲೆಯ ಅಂಚಿನಡಿ ಹಾಕುವ ಗ್ಯಾಸ್ಕೆಟ್ಟು. ಹಳೆಯದು ಅರ್ಧ ಮಿಲಿಮೀಟರಿನ ಕಾಗದ, ನಾನು ಹಾಕಿದ್ದು 2 ಮಿಲಿಮೀಟರಿನ ರಬ್ಬರು. ಬಿಲ್ಲೆ ಅಷ್ಟು ಮೇಲಕ್ಕೆ ಹೋಗಿ ನಳಿಕೆಗೆ ತಾಗುತ್ತಲೇ ಇರಲಿಲ್ಲ! ತಾಗದಿದ್ದರೆ ಬಿಲ್ಲೆ ನಡುಗುವುದಿಲ್ಲ, ನಡುಗದಿದ್ದರೆ ದನಿ ಇಲ್ಲ. ಹಿಂದೆ ಅರ ಹಾಕಿ ಕೆಡಿಸಿದ ಹಾರ್ನಿನ ರೋಗವೂ ಇದೇ ಅಂತ ಆವತ್ತು ಅರ್ಥವಾಯ್ತು. ಕಾಗದದ ಗ್ಯಾಸ್ಕೆಟ್ ಕತ್ತರಿಸಿ ಹಾಕಿದೆ. ಕಿವಿಗೆ ಮುಚ್ಚಳ ಹಾಕಿಕೊಂಡು ಗುಂಡಿ ಒತ್ತಿದೆ. ಹತ್ತಿರದಲ್ಲಿ 120 ಡೆಸಿಬಲ್ ಅಂದರೆ ತಮಾಷೆಯಲ್ಲ.

ಎರಡೂ ಒಟ್ಟಿಗೆ ಕೂಗಿದವು. ಫೋನಿನ ಆ್ಯಪಿನಲ್ಲಿ 310 ಮತ್ತು 388 ಹರ್ಟ್ಸ್. 75 ಮೀಟರಿಗಿಂತ ಚಿಕ್ಕ ಹಡಗಿಗೆ ನಿಯಮ ಹೇಳುವ 250ರಿಂದ 700ರ ಒಳಗೇ ಇದೆ. ಆದರೆ ಹುಬ್ಬಳ್ಳಿ-ಧಾರವಾಡದ ಕಿವಿಗೆ ಅಂಕಿ ಬೇಕಾಗಲಿಲ್ಲ. ಉದ್ದದ್ದು ಷಡ್ಜ, ಗಿಡ್ಡದ್ದು ಶುದ್ಧ ಗಾಂಧಾರ. ತಂಬೂರಿ ಕೇಳಿ ಬೆಳೆದ ನನ್ನ ಹೆಂಡತಿ ದಂಡೆಯಲ್ಲಿ ನಿಂತು "ಸಾ-ಗ" ಅಂತ ಕೂಗಿ ಹೇಳಿದಳು.

ಹೊಳಪಿನ ವಿಷಯ. ಕ್ರೋಮ್ ಪೂರ್ತಿ ಎದ್ದುಹೋಗಿತ್ತು, ಮತ್ತೆ ಹಾಕಿಸಲಿಲ್ಲ. ಹಿತ್ತಾಳೆಯನ್ನು ನಮ್ಮಮ್ಮ ದೇವರ ಸಾಮಾನು ತೊಳೆಯುತ್ತಿದ್ದ ಹಾಗೆ ಹುಣಸೆಹಣ್ಣಿನಲ್ಲಿ ತಿಕ್ಕಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮೇಣ ಹಚ್ಚಿದೆ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಸೀಳುತ್ತಿದ್ದವು. ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದ ಬಿಗಿತಕ್ಕೆ ಕುದುರೆ ಮೂತ್ರದ ಅಮೋನಿಯಾ ಸೇರಿದ್ದೇ ಕಾರಣ ಅಂತ ಆಮೇಲೆ ಗೊತ್ತಾಯ್ತು. ಬಡಿದು, ಎಳೆದು ಮಾಡಿದ ಕಹಳೆಯೊಳಗೂ ಅದೇ ಬಿಗಿತ ಇರುತ್ತೆ, ಅಲ್ವಾ? ಹಿತ್ತಾಳೆ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಕೊಳೆಯಲ್ಲ. ಉಪ್ಪುನೀರು ಸತುವನ್ನು ತಿಂದು ಬರೀ ಬೆಂಡಾದ ತಾಮ್ರ ಉಳಿಸಿದೆ ಅಂತ ಅರ್ಥ. ಅಲ್ಲಿ ಜಾಸ್ತಿ ತಿಕ್ಕಬೇಡಿ.

ನಮ್ಮ ಹಾರ್ನಿನ ಹೆಸರಿನ ಫಲಕ ಅಳಿಸಿಹೋಗಿತ್ತು. ನಿಮ್ಮದರಲ್ಲಿ ಓದಲು ಬಂದರೆ ತಯಾರಕರಿಗೆ ಮೊದಲು ಪತ್ರ ಬರೆಯಿರಿ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ 1895ರಲ್ಲಿ ಶುರುವಾದ ಕಾಹ್ಲೆನ್‌ಬರ್ಗ್‌ನಂಥವರು ಈಗಲೂ ಹಡಗಿನ ಹಾರ್ನು ಮಾಡುತ್ತಾರೆ.

ಈಗ ಪ್ರತಿ ಸಂಜೆ ಟ್ಯಾಂಕಿನ ನೀರು ಬಿಡುತ್ತೇವೆ. ವಾರಕ್ಕೊಮ್ಮೆ ಊದುತ್ತೇವೆ. ದೋಣಿ ಕಟ್ಟಿಹಾಕುವ ಮಳೆಗಾಲದಲ್ಲಿ ಕಹಳೆಯ ಬಾಯಿಗೆ ಹತ್ತಿ ಬಟ್ಟೆಯ ಟೋಪಿ, ಹುಳ ಬಾರದ ಹಾಗೆ. ಪ್ಲಾಸ್ಟಿಕ್ ಕಟ್ಟಿದರೆ ಒಳಗೇ ಬೆವರುತ್ತೆ.

ಅಕ್ಟೋಬರಿನಲ್ಲಿ ರಾಯಬಂದರ್ ದಾಟಿ ದಿವಾರ್ ದ್ವೀಪದ ಕಡೆ ಹೋದೆವು. ಮುಂದೆ ಕಾಣದ ತಿರುವು ಬಂದಾಗ ಒಂದು ಉದ್ದ ಕೂಗು ಹಾಕಬೇಕು, ನಾಲ್ಕರಿಂದ ಆರು ಸೆಕೆಂಡು. ಮಾಲೀಕರೇ ಗುಂಡಿ ಒತ್ತಿದರು. ತಿರುವಿನ ಆಚೆಯಿಂದ, ಇನ್ನೂ ಕಣ್ಣಿಗೆ ಬೀಳದ ಬಾರ್ಜೊಂದು ಅಷ್ಟೇ ಉದ್ದ ಉತ್ತರ ಕೊಟ್ಟಿತು. ನಾವು ನಮ್ಮ ಬಲಗಡೆಯ ದಂಡೆಗೆ ಸರಿದು ದಾರಿ ಬಿಟ್ಟೆವು. ವಾಪಸ್ ಬ್ರಿಟೋನಾಕ್ಕೆ ಬಂದು ದೋಣಿ ಕಟ್ಟಿ, ಕೆಳಗಿಳಿದು ಟ್ಯಾಂಕಿನ ನಲ್ಲಿ ತಿರುಗಿಸಿದೆ. ಎರಡು ಚಮಚ ನೀರು ಬಂತು.